ಆಕರದ ಋಣ ಮತ್ತು ಗಣಕದ ಕರಣಿಕ

೧

ಒಂದು ಮಾತು ಯಾರದು, ಅದು ಎಲ್ಲಿ ದೊರೆಯಿತು ಎಂಬುದನ್ನು ಹೇಳದೆ ಆ ಮಾತನ್ನು ತನ್ನ ಬರವಣಿಗೆಯಲ್ಲಿ ಬಳಸಿಕೊಳ್ಳುವುದು ವಿದ್ವತ್ತಿನ ಲೋಕದಲ್ಲಿ ಋಣವನ್ನು ಮರೆತಂತೆಯೇ ಸರಿ. ಈ ಎಚ್ಚರ ವಚನವಾಙ್ಮಯಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳಿಗೆ ಅಂಕಿತವನ್ನಿಟ್ಟರು. ಅದು ಅವರಿಗೆ ಸಮರ್ಪಣೆಯ ಮುದ್ರೆ. ಶತಮಾನಗಳ ತರುವಾಯ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಕುಳಿತ ಸಂಪಾದಕರಿಗೆ ಅದೇ ಕರ್ತೃತ್ವದ ಕುರುಹೂ ಆಯಿತು. 'ಗುಹೇಶ್ವರ' ಎಂದಿದ್ದರೆ ಅಲ್ಲಮಪ್ರಭುಗಳದು, 'ಕೂಡಲಸಂಗಮದೇವ' ಎಂದಿದ್ದರೆ ಬಸವಣ್ಣನವರದು, 'ಕೂಡಲಚೆನ್ನಸಂಗಮದೇವ' ಎಂದಿದ್ದರೆ ಚೆನ್ನಬಸವಣ್ಣನವರದು. ನಡುವಿನ 'ಚೆನ್ನ' ಎಂಬ ಎರಡಕ್ಷರ ಲಿಪಿಕಾರನ ಕೈತಪ್ಪಿ ಹೋದರೆ ಸೋದರಳಿಯನ ಮಾತು ಸೋದರಮಾವನದಾಗಿಬಿಡುತ್ತದೆ. ಉಲ್ಲೇಖದ ಶುದ್ಧಿ ಎಷ್ಟು ಸೂಕ್ಷ್ಮವಾದ ವಿಷಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯ ಮುಂದೆ ಓಲೆಗರಿಯ ಬದಲು ಗಣಕಯಂತ್ರವಿದೆ. ಓದಿದ ಗ್ರಂಥಗಳ ವಿವರವನ್ನು ಕೂಡಿಡುವುದಕ್ಕೆ, ಬರೆಯುತ್ತಿರುವಾಗಲೇ ಅಡಿಟಿಪ್ಪಣಿಯನ್ನು ಒದಗಿಸುವುದಕ್ಕೆ, ಕೊನೆಯಲ್ಲಿ ಗ್ರಂಥಸೂಚಿಯನ್ನು ಅಕಾರಾದಿಯಾಗಿ ಜೋಡಿಸುವುದಕ್ಕೆ ಹಲವು ತಂತ್ರಾಂಶಗಳು ಬಳಕೆಗೆ ಬಂದಿವೆ. ಜೊಟೆರೊ, ಮೆಂಡಲೆ, ಎಂಡ್‌ನೋಟ್, ಬಿಬ್‌ಟೆಕ್ ಇವು ಅವುಗಳಲ್ಲಿ ಹೆಸರಾದವು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಯಾವುದು ಬೇಗ, ಯಾವುದು ಸುಲಭ ಎಂಬುದು ಅವರ ಪ್ರಶ್ನೆಯ ತಿರುಳು. ವಚನಸಾಹಿತ್ಯ, ಶಾಸನ, ಪುರಾಣಕಾವ್ಯಗಳನ್ನು ಅಧ್ಯಯನ ಮಾಡುವವನು ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಬೇಕಾಗಿದೆ: ಯಾವ ಸಾಧನ ವಾಚಕನನ್ನು ಮೂಲದ ಬಳಿಗೆ ತಪ್ಪದೆ ಕರೆದೊಯ್ಯಬಲ್ಲುದು? ಕೂಡಿಟ್ಟ ಸಾಮಗ್ರಿ ಕೊನೆಯವರೆಗೂ ಯಾರ ಕೈಯಲ್ಲಿ ಉಳಿಯುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಆಯ್ಕೆ ತಾನಾಗಿಯೇ ಆಗುತ್ತದೆ.

೨

ಮೊದಲು ಆಕರಗಳ ಸ್ಥಿತಿಯನ್ನು ನೋಡಬೇಕು. ವಚನಗಳನ್ನು ಕುರಿತ ಆಧುನಿಕ ಅಧ್ಯಯನಕ್ಕೆ ಅಡಿಗಲ್ಲಿಟ್ಟವರು ಫ. ಗು. ಹಳಕಟ್ಟಿಯವರು. ಊರೂರು ತಿರುಗಿ, ಮನೆಮಠಗಳ ಜಗಲಿಯಲ್ಲಿ ಪೂಜೆಗೊಳ್ಳುತ್ತಿದ್ದ ಹಸ್ತಪ್ರತಿಗಳನ್ನು ಕಲೆಹಾಕಿ, ಅವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ೧೯೨೩ರಲ್ಲಿ ಹೊರತಂದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಆ ಬಳಿಕ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಒಬ್ಬೊಬ್ಬ ಶರಣರ ವಚನಗಳನ್ನು ಪಾಠಾಂತರಸಹಿತವಾಗಿ ಪರಿಷ್ಕರಿಸಿದರು. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 'ಸಮಗ್ರ ವಚನ ಸಂಪುಟ'ವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದಾಗ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಒಂದೇ ಸಾಲಿನಲ್ಲಿ ನಿಂತವು. ಅಂದಿನಿಂದ ಸಂಪುಟದ ಸಂಖ್ಯೆ, ವಚನದ ಸಂಖ್ಯೆ ಇವೆರಡನ್ನು ಹೇಳಿದರೆ ವಾಚಕನು ನೇರವಾಗಿ ಮೂಲಕ್ಕೆ ಹೋಗಬಹುದೆಂಬ ಅನುಕೂಲ ಒದಗಿತು.

ಆದರೆ ಈ ಅನುಕೂಲವನ್ನು ಬಳಸಿಕೊಂಡ ಬಗೆ ತೃಪ್ತಿಕರವಾಗಿಲ್ಲ. ಒಂದೇ ವಚನಕ್ಕೆ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ಸಂಖ್ಯೆಗಳಿವೆ. ಸ್ಥಲಕಟ್ಟಿನ ಜೋಡಣೆಯಲ್ಲಿ ಒಂದು, ಅಕಾರಾದಿ ಜೋಡಣೆಯಲ್ಲಿ ಮತ್ತೊಂದು. ಆವೃತ್ತಿಯನ್ನು ಹೆಸರಿಸದೆ ಸಂಖ್ಯೆಯನ್ನು ಮಾತ್ರ ಕೊಟ್ಟರೆ ಆ ಸಂಖ್ಯೆ ಊರಿನ ಹೆಸರಿಲ್ಲದ ಮನೆಯ ನಂಬರಿನಂತೆ. ಇನ್ನು ಕೆಲವರು 'ಶೂನ್ಯಸಂಪಾದನೆ'ಯಿಂದ ಎತ್ತಿಕೊಂಡ ವಚನವನ್ನು ವಚನಸಂಪುಟದಿಂದ ಎತ್ತಿದಂತೆ ಬರೆಯುತ್ತಾರೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಬೇರೆ ಬೇರೆ ಕಾಲಗಳಲ್ಲಿ ಈ ಕೃತಿಯನ್ನು ಸಂಕಲಿಸಿದವರು. ಅಲ್ಲಿ ವಚನವು ಸಂವಾದದ ಸಂದರ್ಭಕ್ಕೆ ಒಳಪಟ್ಟಿದೆ. ಸಂಕಲನಕಾರನ ದೃಷ್ಟಿಯೂ ಅದರಲ್ಲಿ ಬೆರೆತಿದೆ. ಅದನ್ನು ಉಲ್ಲೇಖಿಸುವವನು ಯಾರ ಶೂನ್ಯಸಂಪಾದನೆ ಎಂಬುದನ್ನು ಹೇಳಲೇಬೇಕು. ಹೇಳದೆ ಹೋದರೆ ಕಲ್ಯಾಣದ ಅನುಭವಮಂಟಪದಲ್ಲಿ ನಡೆದುದೆಂದು ವಾಚಕನು ನಂಬುವ ಮಾತುಕತೆ ಮೂರು ಶತಮಾನಗಳ ಈಚಿನ ಜೋಡಣೆಯೂ ಆಗಿರಬಹುದು. ಇಂಥ ದೋಷಗಳು ಒಂದು ಪ್ರಬಂಧದಿಂದ ಇನ್ನೊಂದು ಪ್ರಬಂಧಕ್ಕೆ ನಕಲಾಗುತ್ತ ಸಾಗುತ್ತವೆ. ಮೂಲವನ್ನು ತೆರೆದು ನೋಡದೆ ಹಿಂದಿನವರ ಅಡಿಟಿಪ್ಪಣಿಯನ್ನೇ ತನ್ನದಾಗಿ ಬರೆದುಕೊಳ್ಳುವ ಪರಿಪಾಠ ಇದಕ್ಕೆ ಕಾರಣ.

೩

ವಚನಗಳ ಮಾತು ಹೀಗಾದರೆ ಶಾಸನಗಳ ಉಲ್ಲೇಖದಲ್ಲಿ ಇನ್ನೊಂದು ಬಗೆಯ ತೊಡಕಿದೆ. ಜಗಳೂರು ತಾಲೂಕಿನ ಸೊಕ್ಕೆಯಿಂದ ಹೊರಟ ಒಬ್ಬ ವಿದ್ಯಾರ್ಥಿ ತನ್ನ ಸೀಮೆಯ ಶೈವ ಮಠ-ದೇವಾಲಯಗಳ ಚರಿತ್ರೆಯನ್ನು ಬರೆಯಬಯಸುತ್ತಾನೆಂದು ಭಾವಿಸಬಹುದು. ೨೦೦೯ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅಂಥ ಅಧ್ಯಯನಕ್ಕೆ ದೂರ ಹೋಗಬೇಕಾಗಿಲ್ಲ. ಆತನು ಕೈಗೆತ್ತಿಕೊಳ್ಳಬೇಕಾದ ಮೊದಲ ಗ್ರಂಥ ಬಿ. ಎಲ್. ರೈಸರ 'ಎಪಿಗ್ರಾಫಿಯಾ ಕರ್ನಾಟಿಕಾ'. ಅದರಲ್ಲಿ ಶಾಸನಗಳಿಗೆ ತಾಲೂಕುವಾರು ಸಂಖ್ಯೆ ಕೊಡಲಾಗಿದೆ. ಸಂಪುಟಗಳ ವಿಂಗಡಣೆ ಅಂದಿನ ಜಿಲ್ಲೆಗಳನ್ನು ಅನುಸರಿಸಿದೆ. ಜಗಳೂರಿನ ಶಾಸನಗಳು ೧೯೦೩ರಲ್ಲಿ ಪ್ರಕಟವಾದ ಹನ್ನೊಂದನೆಯ ಸಂಪುಟದಲ್ಲಿ, ಅಂದರೆ ಚಿತ್ರದುರ್ಗ ಜಿಲ್ಲೆಯಲ್ಲಿವೆ. ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳು ೧೯೦೨ರ ಏಳನೆಯ ಸಂಪುಟದಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿವೆ. ಹರಿಹರದ ಪ್ರಸಿದ್ಧ ಶಾಸನಗಳಿಗೆ ದಾವಣಗೆರೆ ತಾಲೂಕಿನ ಸಂಖ್ಯೆಗಳಿವೆ, ಏಕೆಂದರೆ ಅಂದು ಹರಿಹರ ಆ ತಾಲೂಕಿನಲ್ಲಿತ್ತು.

೧೯೯೭ರಲ್ಲಿ ದಾವಣಗೆರೆ ಜಿಲ್ಲೆಯ ರಚನೆಯಾಗಿ ಜಗಳೂರು, ಹರಿಹರ, ಹೊನ್ನಾಳಿ, ಚನ್ನಗಿರಿಗಳೆಲ್ಲ ಒಂದೇ ಜಿಲ್ಲೆಗೆ ಬಂದವು. ಅಂದು ಬಳ್ಳಾರಿಯಿಂದ ಸೇರಿದ ಹರಪನಹಳ್ಳಿ ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲೂಕಾದುದು ತೀರ ಈಚಿನ ಮಾತು. ಸಾಲದುದಕ್ಕೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೨ರಿಂದ ಹೊರತರತೊಡಗಿದ ಪರಿಷ್ಕೃತ ಮಾಲೆಯಲ್ಲಿ ಸಂಪುಟದ ಕ್ರಮಾಂಕಗಳೂ ಶಾಸನದ ಸಂಖ್ಯೆಗಳೂ ಬೇರೆಯಾಗಿವೆ. ಹೀಗಿರುವಾಗ ವಿದ್ಯಾರ್ಥಿಯು ಇಂದಿನ ಆಡಳಿತವನ್ನು ಅನುಸರಿಸಿ 'ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲೂಕು' ಎಂದು ಬರೆದು ರೈಸರ ಸಂಖ್ಯೆಯನ್ನು ಪಕ್ಕದಲ್ಲಿಟ್ಟರೆ ವಾಚಕನು ಯಾವ ಸಂಪುಟವನ್ನು ತೆರೆದಾನು? ಶಾಸನದ ಕಲ್ಲು ನಿಂತಲ್ಲಿಯೇ ನಿಂತಿದೆ. ಅದರ ವಿಳಾಸ ಮಾತ್ರ ಮೂರು ಸಲ ಬದಲಾಗಿದೆ. ಆಕರವನ್ನು ಅದು ಅಚ್ಚಾದ ಕಾಲದ ಹೆಸರಿನಿಂದಲೇ ಕರೆಯಬೇಕು, ಇಂದಿನ ಊರು-ತಾಲೂಕುಗಳನ್ನು ಟಿಪ್ಪಣಿಯಾಗಿ ಸೇರಿಸಬೇಕು. ಈ ಎರಡು ಮಾಹಿತಿಗಳಿಗೂ ಬೇರೆ ಬೇರೆ ಸ್ಥಾನ ಕೊಡಲಾರದ ಯಾವ ಸಾಧನವೂ ಕನ್ನಡ ಸಂಶೋಧನೆಗೆ ಪೂರ್ಣ ಉಪಯುಕ್ತವಾಗಲಾರದು.

೪

ಇನ್ನು ಸಾಧನಗಳ ವಿಚಾರ. ಹಿಂದಿನ ವಿದ್ವಾಂಸರು ಚೀಟಿಗಳ ಮೇಲೆ ಬರೆದು ಪೆಟ್ಟಿಗೆಯಲ್ಲಿ ಅಕಾರಾದಿಯಾಗಿ ಇಟ್ಟುಕೊಳ್ಳುತ್ತಿದ್ದರು. ಕಿಟ್ಟೆಲರು ೧೮೯೪ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಶಬ್ದಪ್ರಯೋಗಗಳ ಆಕರವನ್ನು ಸಂಕ್ಷೇಪಾಕ್ಷರಗಳಿಂದ ಸೂಚಿಸಿರುವ ಕ್ರಮವನ್ನು ನೋಡಿದರೆ ಸಾಕು, ಯಂತ್ರವಿಲ್ಲದೆಯೂ ಉಲ್ಲೇಖ ಎಷ್ಟು ಕಟ್ಟುನಿಟ್ಟಾಗಿರಬಲ್ಲುದೆಂಬುದು ತಿಳಿಯುತ್ತದೆ. ಚೀಟಿಯ ಗುಣ ಅದನ್ನು ಬರೆಯುವಾಗ ಕೈ ನಿಧಾನವಾಗುವುದು. ದೋಷ ಅದು ಕಳೆದುಹೋಗುವುದು, ಸಾವಿರ ಮೀರಿದ ಮೇಲೆ ಹುಡುಕಲು ಕಷ್ಟವಾಗುವುದು.

ಓರೆನ್ ಪಟಾಶ್ನಿಕ್ ಮತ್ತು ಲೆಸ್ಲಿ ಲ್ಯಾಂಪೋರ್ಟ್ ೧೯೮೫ರಲ್ಲಿ ರೂಪಿಸಿದ ಬಿಬ್‌ಟೆಕ್ ಗಣಿತ-ವಿಜ್ಞಾನಗಳ ಬರಹಗಾರರಲ್ಲಿ ಪ್ರಚುರವಾದುದು. ಅದರ ಕಡತ ಸರಳವಾದ ಅಕ್ಷರರೂಪದಲ್ಲಿರುವುದರಿಂದ ಯಾವ ಕಾಲಕ್ಕೂ ಓದಬಹುದು. ಆದರೆ ಅದು ಯೂನಿಕೋಡಿಗಿಂತ ಹಿಂದಿನದಾದುದರಿಂದ ಕನ್ನಡಕ್ಕೆ ಅದರ ಬಳಿಕ ಬಂದ ಬೈಬರ್ ಎಂಬ ಉಪಕರಣವನ್ನು ಆಶ್ರಯಿಸಬೇಕು. ಸಾಹಿತ್ಯದ ವಿದ್ಯಾರ್ಥಿಗೆ ಅದರ ಅಭ್ಯಾಸ ಸುಲಭವಲ್ಲ. ೧೯೮೦ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಎಂಡ್‌ನೋಟ್ ಸಮರ್ಥವಾದುದು, ಆದರೆ ಹಣ ಕೊಟ್ಟು ಕೊಳ್ಳಬೇಕಾದುದು. ಸಂಸ್ಥೆಯ ಪರವಾನಗಿಯಿಂದ ಬಳಸಿದವನು ಸಂಸ್ಥೆಯನ್ನು ಬಿಟ್ಟ ಮೇಲೆ ಸ್ವಂತ ವೆಚ್ಚದಲ್ಲಿ ಮುಂದುವರಿಸಬೇಕಾದೀತು. ೨೦೦೮ರಲ್ಲಿ ಬಳಕೆಗೆ ಬಂದ ಮೆಂಡಲೆಯನ್ನು ೨೦೧೩ರಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ಉಚಿತವಾಗಿ ದೊರೆಯುವ, ಬಳಕೆಗೆ ಹಗುರವಾದ ಸಾಧನವದು. ಆದರೆ ೨೦೧೮ರಲ್ಲಿ ಅದರ ಒಂದು ಆವೃತ್ತಿ ಬಳಕೆದಾರನ ಯಂತ್ರದಲ್ಲಿಯೇ ಇರುವ ದತ್ತಾಂಶವನ್ನು ಗೂಢಲಿಪಿಯಲ್ಲಿಡತೊಡಗಿತು. ಖಾಸಗಿತನದ ರಕ್ಷಣೆಗಾಗಿ ಎಂಬುದು ಸಂಸ್ಥೆಯ ಸಮಾಧಾನ. ಬೇರೆ ತಂತ್ರಾಂಶಕ್ಕೆ ಎಲ್ಲವನ್ನೂ ನೇರವಾಗಿ ಸಾಗಿಸುವ ದಾರಿ ಅದರಿಂದ ಇಕ್ಕಟ್ಟಾಯಿತೆಂಬುದು ಬಳಸಿದವರ ಆಕ್ಷೇಪ. ೨೦೨೨ರಲ್ಲಿ ಅದರ ಹಳೆಯ ರೂಪದ ವಿತರಣೆ ನಿಂತು ಹೊಸ ರೂಪಕ್ಕೆ ಹೊರಳಬೇಕಾಯಿತು. ಯಾವ ಸಂಸ್ಥೆಯನ್ನೂ ಇದಕ್ಕಾಗಿ ದೂಷಿಸಬೇಕಾಗಿಲ್ಲ. ಒಡೆಯನ ನಿರ್ಧಾರದಂತೆ ಮನೆ ಬದಲಾಗುವುದು ಬಾಡಿಗೆಯ ಮನೆಯ ಧರ್ಮ. ಅಲ್ಲಿ ಭಂಡಾರವನ್ನಿಡುವವನು ಇದನ್ನು ತಿಳಿದಿರಬೇಕಷ್ಟೆ.

ಜೊಟೆರೊ ೨೦೦೬ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಇತಿಹಾಸಕಾರರ ಕೇಂದ್ರವೊಂದರಲ್ಲಿ ಹುಟ್ಟಿತು. ಇದರ ಮೂಲಸಂಕೇತ ಮುಕ್ತವಾಗಿದೆ. ಯಾರೂ ಪರಿಶೀಲಿಸಬಹುದು, ತಿದ್ದಬಹುದು. ಗ್ರಂಥಗಳ ವಿವರವೆಲ್ಲ ಬಳಕೆದಾರನ ಯಂತ್ರದಲ್ಲಿಯೇ ಇರುವುದರಿಂದ ಅಂತರಜಾಲ ಇಲ್ಲದಾಗಲೂ ಕೆಲಸ ಸಾಗುತ್ತದೆ. ಹಳ್ಳಿಯ ಮನೆಯಲ್ಲಿ ಕುಳಿತು ಬರೆಯುವವನಿಗೆ ಇದು ಸಣ್ಣ ಸೌಕರ್ಯವಲ್ಲ. ಪುಸ್ತಕಗಳ ಛಾಯಾಪ್ರತಿಗಳನ್ನು ದೂರದ ಕೋಠಿಯಲ್ಲಿಡುವುದಕ್ಕೆ ಉಚಿತವಾಗಿ ದೊರೆಯುವ ಅವಕಾಶ ೩೦೦ ಮೆಗಾಬೈಟ್ ಮಾತ್ರ. ಅದಕ್ಕೆ ಮಿಕ್ಕಿದರೆ ಹಣ ತೆರಬೇಕು. ಆದರೆ ವಿವರಗಳನ್ನಷ್ಟೇ ಇಡುವುದಕ್ಕೆ ಈ ಮಿತಿ ಅಡ್ಡಬರುವುದಿಲ್ಲ. ಕೂಡಿಟ್ಟುದೆಲ್ಲವನ್ನೂ ಬೇಕಾದಾಗ ಅನ್ಯ ಸಾಧನಗಳು ಓದಬಲ್ಲ ರೂಪದಲ್ಲಿ ಹೊರತೆಗೆಯಬಹುದು.

೫

ಹಾಗಾದರೆ ಜೊಟೆರೊವನ್ನು ಆರಿಸಿದೊಡನೆ ಕನ್ನಡ ಸಂಶೋಧಕನ ಕಷ್ಟವೆಲ್ಲ ಪರಿಹಾರವಾಯಿತೇ? ಇಲ್ಲ. ಈ ತಂತ್ರಾಂಶಗಳೆಲ್ಲ ಪಾಶ್ಚಾತ್ಯ ವಿದ್ವತ್ಪತ್ರಿಕೆಗಳನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದವು. ಒಂದು ಗುಂಡಿಯನ್ನೊತ್ತಿದರೆ ಲೇಖನದ ವಿವರವೆಲ್ಲ ತಾನಾಗಿ ಬಂದು ಸೇರುವ ಚಮತ್ಕಾರ ಅಂಥ ಪತ್ರಿಕೆಗಳಿಗೆ ಅನ್ವಯಿಸುತ್ತದೆ. ೧೯೨೩ರ 'ವಚನಶಾಸ್ತ್ರಸಾರ'ಕ್ಕೆ ಪುಸ್ತಕಗಳ ಅಂತರರಾಷ್ಟ್ರೀಯ ಸಂಖ್ಯೆ ಎಲ್ಲಿಂದ ಬರಬೇಕು? ಅಲ್ಲಿ ಮುಖಪುಟದ ಒಳಭಾಗವನ್ನು ನೋಡಿ ಅಕ್ಷರ ಅಕ್ಷರವಾಗಿ ಬರೆದುಕೊಳ್ಳುವುದೊಂದೇ ದಾರಿ. ಇದು ಕೊರತೆಯಂತೆ ಕಂಡರೂ ಒಂದರ್ಥದಲ್ಲಿ ಲಾಭವೇ. ಪುಸ್ತಕವನ್ನು ತೆರೆಯದೆ ಅದನ್ನು ಉಲ್ಲೇಖಿಸುವ ಪ್ರಲೋಭನೆ ಅಷ್ಟರಮಟ್ಟಿಗೆ ತಪ್ಪುತ್ತದೆ.

ಎರಡನೆಯ ತೊಡಕು ಲಿಪಿಯದು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವನ್ನು ಈ ಸಾಧನಗಳಿಗೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದರೆ ಮಾತ್ರ ಕನ್ನಡ ಕನ್ನಡವಾಗಿಯೇ ಉಳಿದು ಅಕಾರಾದಿಯ ಜೋಡಣೆಗೂ ಒದಗುತ್ತದೆ. ಇಂಗ್ಲಿಷಿಗಾಗಿ ರಚಿತವಾದ ಶೈಲಿಯನ್ನು ಆರಿಸಿದಾಗ ಪುಟ, ಸಂಪಾದಕ, ಆವೃತ್ತಿ ಎಂಬ ಸೂಚನೆಗಳು ಇಂಗ್ಲಿಷಿನಲ್ಲಿಯೇ ಬಂದು ಕೂರುತ್ತವೆ. ಅವುಗಳನ್ನು ಕೊನೆಯಲ್ಲಿ ಕೈಯಿಂದ ತಿದ್ದಬೇಕು, ಇಲ್ಲವೇ ತಿಳಿದವರಿಂದ ಕನ್ನಡದ ಶೈಲಿಯೊಂದನ್ನು ಸಿದ್ಧಪಡಿಸಿಕೊಳ್ಳಬೇಕು.

ಮೂರನೆಯದು ಹೆಸರುಗಳ ಸಮಸ್ಯೆ. ಮನೆತನದ ಹೆಸರು ಒಂದು ಕಡೆ, ಸ್ವಂತ ಹೆಸರು ಇನ್ನೊಂದು ಕಡೆ ಎಂದು ಯಂತ್ರ ಕೇಳುತ್ತದೆ. 'ಹಳಕಟ್ಟಿ, ಫ. ಗು.' ಎಂಬುದು ಅದಕ್ಕೆ ಸಲೀಸಾಗಿ ಹೊಂದುತ್ತದೆ, ಏಕೆಂದರೆ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಉಂಟು. 'ಚಿದಾನಂದಮೂರ್ತಿ, ಎಂ.' ಎಂದು ಬರೆದಾಗ ಅದೇ ಸ್ಥಾನದಲ್ಲಿ ಕೂರುವುದು ಸ್ವಂತ ಹೆಸರು. ಮಠಾಧೀಶರ ಗ್ರಂಥಗಳ ಪಾಡಂತೂ ಹೇಳತೀರದು. ಯಂತ್ರದ ಇಚ್ಛೆಗೆ ಬಿಟ್ಟರೆ ಎಲ್ಲ ಪೂಜ್ಯರೂ 'ಸ್ವಾಮಿಗಳು' ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸಾಲಾಗಿ ನಿಲ್ಲುತ್ತಾರೆ. ಅಕ್ಕಮಹಾದೇವಿ, ಅಲ್ಲಮಪ್ರಭು ಎಂಬ ಹೆಸರುಗಳನ್ನು ಒಡೆಯುವುದಂತೂ ಅಪಚಾರ. ಜೊಟೆರೊದಲ್ಲಿ ಹೆಸರನ್ನು ಒಡೆಯದೆ ಒಂದೇ ಅಂಕಣದಲ್ಲಿ ಬರೆಯುವ ಏರ್ಪಾಡು ಇದೆ. ಶರಣರಿಗೂ ಯತಿಗಳಿಗೂ ಅದನ್ನೇ ಬಳಸತಕ್ಕದ್ದು. ಕಲಬುರ್ಗಿ, ಕಲಬುರಗಿ, ಕಲ್ಬುರ್ಗಿ ಎಂದು ಮೂರು ಬಗೆಯಾಗಿ ಬರೆದರೆ ಯಂತ್ರಕ್ಕೆ ಅವರು ಮೂವರು ವಿದ್ವಾಂಸರು. ಆದುದರಿಂದ ಮೊದಲ ದಿನವೇ ಒಂದು ಕಾಗುಣಿತವನ್ನು ನಿಶ್ಚಯಿಸಿಕೊಳ್ಳಬೇಕು.

ನಾಲ್ಕನೆಯದು ಅಂಕಿತ. ಯಾವ ಸಾಧನದಲ್ಲಿಯೂ ಅಂಕಿತಕ್ಕೆಂದು ಅಂಕಣವಿಲ್ಲ. ವಚನಕಾರನ ಹೆಸರನ್ನು ಬರೆದರೆ ಸಾಲದೇ ಎನ್ನುವಂತಿಲ್ಲ. ಅಂಕಿತ ದೊರೆತು ಕರ್ತೃವಿನ ಹೆಸರು ದೊರೆಯದ ವಚನಗಳೂ ಸಂಪುಟಗಳಲ್ಲಿವೆ. ಅಂಕಿತವೆಂಬುದು ವಚನದಲ್ಲಿ ಕಾಣುವ ಸಂಗತಿ, ಕರ್ತೃವೆಂಬುದು ವಿದ್ವಾಂಸರು ಮಾಡುವ ನಿರ್ಣಯ. ಎರಡನ್ನೂ ಬೇರೆಯಾಗಿ ದಾಖಲಿಸುವುದು ಶಾಸ್ತ್ರೀಯವಾದ ಕ್ರಮ. ಆದುದರಿಂದ ಸಂಪುಟವನ್ನು ಒಂದು ಗ್ರಂಥವಾಗಿ ನಮೂದಿಸಿ, ಅದರ ಕೆಳಗೆ ಒಂದೊಂದು ವಚನಕ್ಕೂ ಒಂದೊಂದು ಟಿಪ್ಪಣಿಯನ್ನಿಟ್ಟು, ಅಂಕಿತವನ್ನು ಗುರುತುಪಟ್ಟಿಯಾಗಿ ಅಂಟಿಸಬೇಕು. ಅಡಿಟಿಪ್ಪಣಿ ಹಾಕುವಾಗ ಪುಟದ ಬದಲು ಪದ್ಯಸಂಖ್ಯೆಯ ಸ್ಥಾನದಲ್ಲಿ ವಚನದ ಸಂಖ್ಯೆಯನ್ನು ಕೊಡಬೇಕು. ಮರುಮುದ್ರಣದಲ್ಲಿ ಪುಟ ಬದಲಾದರೂ ಸಂಖ್ಯೆ ಕೈಬಿಡದು. 'ವಚನ ಸಂಚಯ'ದಂಥ ಜಾಲತಾಣಗಳು ಒಂದು ಶಬ್ದ ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದನ್ನು ಕ್ಷಣದಲ್ಲಿ ತೋರಿಸುತ್ತವೆ. ಅವು ಹುಡುಕುವುದಕ್ಕೆ ಮಹೋಪಕಾರಿ. ಉಲ್ಲೇಖಿಸುವ ಮೊದಲು ಮಾತ್ರ ಮುದ್ರಿತ ಸಂಪುಟದೊಡನೆ ಹೋಲಿಸಿ ನೋಡತಕ್ಕದ್ದು.

೬

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡರೂ ಒಂದು ಮಾತನ್ನು ಮರೆಯಬಾರದು. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಸೇರಿ ಲೆಕ್ಕದ ತಪ್ಪನ್ನು ಕಂಡುಹಿಡಿದು ಮೇಲಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಗಣಕವೂ ಕರಣಿಕನೇ, ಆದರೆ ತಪ್ಪನ್ನು ಕಂಡುಹಿಡಿಯುವ ಕರಣಿಕನಲ್ಲ. ಹೇಳಿದುದನ್ನು ಹೇಳಿದಂತೆ ಬರೆದುಕೊಳ್ಳುವವನು. ಮೊದಲ ದಿನ 'ಚೆನ್ನ' ಎಂಬುದನ್ನು ಬಿಟ್ಟು ಬರೆದರೆ ಪ್ರಬಂಧದ ನೂರು ಕಡೆಗಳಲ್ಲಿಯೂ ಒಂದಿನಿತೂ ತಪ್ಪದೆ ಅದೇ ತಪ್ಪನ್ನು ಬರೆಯುತ್ತಾನೆ. ಕೈಬರಹದ ತಪ್ಪಿಗೆ ಅಲ್ಲಲ್ಲಿ ಹೊರಳುದಾರಿ ಇರುತ್ತಿತ್ತು. ಯಂತ್ರದ ತಪ್ಪು ಅಚ್ಚುಕಟ್ಟಾಗಿರುವುದರಿಂದಲೇ ನಂಬಿಕೆಯನ್ನು ಹುಟ್ಟಿಸುತ್ತದೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಹೊರಡಿಸಿತು. ಹತ್ತು ಪ್ರತಿಶತದವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅದನ್ನು ಮೀರಿದರೆ ನಲವತ್ತು, ಅರವತ್ತು ಎಂಬ ಮೆಟ್ಟಿಲುಗಳಿವೆ. ಆ ಕಟ್ಟಳೆ ಅಗತ್ಯವಾದುದೇ. ಆದರೆ ಆ ಲೆಕ್ಕ ನಕಲನ್ನು ಹಿಡಿಯುತ್ತದೆ, ಹುಸಿ ಉಲ್ಲೇಖವನ್ನು ಹಿಡಿಯುವುದಿಲ್ಲ. ತೆರೆಯದ ಪುಸ್ತಕದ ಹೆಸರು, ನೋಡದ ಶಾಸನದ ಸಂಖ್ಯೆ, ಕಾಣದ ಹಸ್ತಪ್ರತಿಯ ಕ್ರಮಾಂಕ ಇವೆಲ್ಲ ಆ ಜರಡಿಯಲ್ಲಿ ಸುಲಭವಾಗಿ ಇಳಿದುಹೋಗುತ್ತವೆ. ಅಲ್ಲಿ ಕಾಯುವುದು ಸಂಶೋಧಕನ ಅಂತಸ್ಸಾಕ್ಷಿಯೊಂದೇ.

ಈ ಹೊಣೆ ವಿದ್ಯಾರ್ಥಿಯದು ಮಾತ್ರವೂ ಅಲ್ಲ. ಮಠಗಳಿಂದ, ಭಕ್ತರ ದಾಸೋಹದಿಂದ ಅಚ್ಚಾಗುವ ಎಷ್ಟೋ ಗ್ರಂಥಗಳಲ್ಲಿ ಮುದ್ರಣದ ವರ್ಷವಿರುವುದಿಲ್ಲ. ಇದು ಮೊದಲ ಮುದ್ರಣವೋ ಮರುಮುದ್ರಣವೋ ತಿಳಿಯುವುದಿಲ್ಲ. ಪಾಠಕ್ಕೆ ಆಧಾರವಾದ ಪ್ರತಿ ಯಾವುದೆಂಬ ಸೂಚನೆಯಿಲ್ಲ. ದಾನಿಗಳ ಹೆಸರಿಗೆ ಎರಡು ಪುಟ ದೊರೆಯುವಲ್ಲಿ ಈ ಮೂರು ಸಂಗತಿಗಳಿಗೆ ಮೂರು ಸಾಲು ದೊರೆಯದಿರುವುದು ವಿಷಾದದ ವಿಷಯ. ಹೊಸ ಯಂತ್ರ ಮಠಗಳಿಗೆ ಪರಕೀಯವೇನೂ ಅಲ್ಲ. ಪಾಣಿನಿಯ ಸೂತ್ರಗಳನ್ನು ಗಣಕಕ್ಕೆ ಅಳವಡಿಸಿದ 'ಗಣಕಾಷ್ಟಾಧ್ಯಾಯಿ' ಸಿರಿಗೆರೆಯ ಪೀಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳ ವಿದ್ವತ್ತಿನ ಫಲ. ಜಗಳೂರಿನ ಸೀಮೆಗೆ ಸಿರಿಗೆರೆ ದೂರದ ಊರೂ ಅಲ್ಲ. ಅದೇ ಜಾಡಿನಲ್ಲಿ ಒಂದೊಂದು ಮಠವೂ ತನ್ನ ಪ್ರಕಟಣೆಗಳ, ತನ್ನ ಗ್ರಂಥಾಲಯದ ಹಸ್ತಪ್ರತಿಗಳ ವಿವರವನ್ನು ಯೂನಿಕೋಡ್ ಕನ್ನಡದಲ್ಲಿ, ಯಾರೂ ತಮ್ಮ ಸಾಧನಕ್ಕೆ ಇಳಿಸಿಕೊಳ್ಳಬಹುದಾದ ಕಡತವಾಗಿ ಒದಗಿಸಿದರೆ ಅದೊಂದು ಅಕ್ಷರದಾಸೋಹವೇ ಆಗುತ್ತದೆ.

ಆಯ್ಕೆಯ ಮಾತಿಗೆ ಮರಳಿದರೆ, ಕನ್ನಡದಲ್ಲಿ ವಚನ-ಶಾಸನಗಳನ್ನು ಕುರಿತು ಕೆಲಸ ಮಾಡುವ, ಹಣದ ಅನುಕೂಲವಿಲ್ಲದ ವಿದ್ಯಾರ್ಥಿಗೆ ಸದ್ಯಕ್ಕೆ ಜೊಟೆರೊ ಹೆಚ್ಚು ಒಪ್ಪುವ ಸಾಧನ. ಗಳಿಸಿದುದು ಆತನ ಕೈಯಲ್ಲಿಯೇ ಉಳಿಯುತ್ತದೆ, ಬೇಡವೆನಿಸಿದಾಗ ಹೊತ್ತುಕೊಂಡು ಹೊರಡಲು ಬಾಗಿಲು ತೆರೆದಿರುತ್ತದೆ. ಈಗಾಗಲೇ ಬೇರೆಯದನ್ನು ಬಳಸುತ್ತಿರುವವರು ಅದನ್ನು ತೊರೆಯಬೇಕಾಗಿಲ್ಲ. ತಿಂಗಳಿಗೊಮ್ಮೆ ಸಾಮಗ್ರಿಯ ಒಂದು ಪ್ರತಿಯನ್ನು ಸಾಮಾನ್ಯ ರೂಪದಲ್ಲಿ ಹೊರತೆಗೆದಿಟ್ಟುಕೊಂಡರೆ ಸಾಕು. ಯಾವುದನ್ನು ಬಳಸಿದರೂ ನಿಯಮವೊಂದೇ: ಗ್ರಂಥವನ್ನು ತೆರೆದು, ವಚನವನ್ನು ಅಂಕಿತದವರೆಗೆ ಓದಿ, ಸಂಖ್ಯೆಯನ್ನು ಕಣ್ಣಾರೆ ಕಂಡು, ಆಮೇಲೆ ಗುಂಡಿಯನ್ನೊತ್ತಬೇಕು. ಹಳಕಟ್ಟಿಯವರು ಒಂದೊಂದು ಓಲೆಗರಿಗಾಗಿ ಊರೂರು ಅಲೆದರು. ಅವರ ಸಂಗ್ರಹದಿಂದ ಮಾತನ್ನೆತ್ತಿಕೊಳ್ಳುವವನು ಕಪಾಟಿನವರೆಗಾದರೂ ನಡೆಯುವುದು ಹೆಚ್ಚಿನ ಶ್ರಮವೇನಲ್ಲ.